ಆಕ್ಸಲ್‌ನ ಉಸಿರುಗೊಳವೆ: ನೆರೆನೀರಿನಿಂದ ವಾಹನದ ರಕ್ಷಣೆ

ಮಳೆಗಾಲದಲ್ಲಿ ನೀರು ನಿಂತ ರಸ್ತೆಯನ್ನು ದಾಟಿದ ವಾಹನವು ಅಲ್ಲಿಯೇ ಕೆಟ್ಟು ನಿಲ್ಲದಿದ್ದರೆ ಗಂಡಾಂತರ ಕಳೆಯಿತೆಂದು ಮಾಲೀಕರು ನೆಮ್ಮದಿಪಡುವುದು ಸಹಜ. ಎಂಜಿನ್ ಓಡುತ್ತಿರುತ್ತದೆ, ದೀಪಗಳು ಉರಿಯುತ್ತಿರುತ್ತವೆ, ಬ್ರೇಕು ಒದ್ದೆಯಾಗಿದ್ದರೂ ಸ್ವಲ್ಪ ಹೊತ್ತಿನಲ್ಲಿ ಹಿಡಿಯತೊಡಗುತ್ತದೆ. ಆದರೆ ನೀರು ಮಾಡುವ ಹಾನಿಗಳಲ್ಲಿ ಒಂದು ಬಗೆಯದು ಆ ದಿನ ಕಣ್ಣಿಗೆ ಬೀಳುವುದೇ ಇಲ್ಲ. ಕೆಲವು ವಾರಗಳೋ ತಿಂಗಳುಗಳೋ ಕಳೆದ ಬಳಿಕ ವಾಹನದ ಹಿಂಭಾಗದಿಂದ ಸಣ್ಣಗೆ ಗುಂಯ್‌ಗುಡುವ ಸದ್ದು ಕೇಳಿಸುತ್ತದೆ. ವೇಗ ಹೆಚ್ಚಿದಂತೆ ಅದೂ ಹೆಚ್ಚುತ್ತದೆ. ಗ್ಯಾರೇಜಿಗೆ ಒಯ್ದು ಬಿಚ್ಚಿಸಿದಾಗ ಬೇರಿಂಗುಗಳು ತುಕ್ಕು ಹಿಡಿದಿರುವುದೂ, ಗೇರುಗಳ ಹಲ್ಲುಗಳು ಸವೆದಿರುವುದೂ, ತಳದಲ್ಲಿ ಹಾಲಿನ ಚಹಾದಂತಹ ಬಣ್ಣದ ದ್ರವವೊಂದು ನಿಂತಿರುವುದೂ ಕಾಣುತ್ತದೆ. ಅದು ಒಂದು ಕಾಲದಲ್ಲಿ ಗೇರ್ ಎಣ್ಣೆಯಾಗಿತ್ತು.

ಈ ನೀರು ಒಳಸೇರಿದ ದಾರಿ ಬೆರಳ ತುದಿಯಷ್ಟೇ ಇರುವ ಒಂದು ಬಿಡಿಭಾಗ. ಇಂಗ್ಲಿಷಿನ ‘ಬ್ರೀದರ್’ ಎಂಬ ಹೆಸರೇ ಗ್ಯಾರೇಜುಗಳಲ್ಲಿ ಬಳಕೆಯಲ್ಲಿದೆ. ಕನ್ನಡದಲ್ಲಿ ಅದನ್ನು ಉಸಿರುಗೊಳವೆ ಎಂದು ಕರೆಯಬಹುದು. ಬಹುಪಾಲು ವಾಹನ ಮಾಲೀಕರು ಅದನ್ನು ನೋಡಿಯೇ ಇರುವುದಿಲ್ಲ. ಕೆಲವು ಅಡಿ ಉದ್ದದ ಒಂದು ಸಾಮಾನ್ಯ ನಳಿಕೆಯನ್ನು ಜೋಡಿಸಿ ಅದರ ಬಾಯಿಯನ್ನು ನೀರಿನ ಮಟ್ಟಕ್ಕಿಂತ ಮೇಲಕ್ಕೆ ಒಯ್ದರೆ ಮೇಲೆ ಹೇಳಿದ ಹಾನಿಯ ದೊಡ್ಡ ಭಾಗವನ್ನು ತಪ್ಪಿಸಬಹುದು. ಕಾಡುದಾರಿಗಳಲ್ಲಿ ಜೀಪು ಓಡಿಸುವವರಿಗೆ ಇದು ಬಹುಕಾಲದಿಂದ ತಿಳಿದ ಉಪಾಯ. ನಗರವಾಸಿಗಳಿಗೂ ಇದು ಏಕೆ ಬೇಕೆಂಬುದನ್ನು ತಿಳಿಯಲು ಮುಂಬಯಿಯ ಕುರ್ಲಾಕ್ಕಿಂತ ತಕ್ಕ ಸ್ಥಳ ಬೇರೊಂದಿಲ್ಲ.

ಕುರ್ಲಾದ ನೀರು

ವಿಹಾರ್ ಮತ್ತು ಪೊವಾಯಿ ಕೆರೆಗಳ ಕೋಡಿ ನೀರಿನಿಂದ ಹುಟ್ಟುವ ಮೀಠಿ ನದಿಯು ಸುಮಾರು 18 ಕಿ.ಮೀ. ಹರಿದು ಮಾಹಿಮ್ ಬಳಿ ಸಮುದ್ರವನ್ನು ಸೇರುತ್ತದೆ. ಕುರ್ಲಾ ಇರುವುದು ಈ ನದಿಯ ದಂಡೆಯ ತಗ್ಗಿನಲ್ಲಿ. ಭರತದ ವೇಳೆ ಸಮುದ್ರದ ನೀರು ನದಿಯ ಕೆಳಪಾತ್ರದಲ್ಲಿ ಹಿಮ್ಮುಖವಾಗಿ ಏರುತ್ತದೆ. ಅದೇ ವೇಳೆಗೆ ಮೇಲಿನಿಂದ ಮಳೆನೀರು ಬಂದರೆ ಅದಕ್ಕೆ ಹೋಗಲು ದಾರಿಯಿಲ್ಲದೆ ಅಕ್ಕಪಕ್ಕದ ಬಡಾವಣೆಗಳಿಗೆ ನುಗ್ಗುತ್ತದೆ.

2005ರ ಜುಲೈ 26ರಂದು ಆದದ್ದು ಇದೇ. ಅಂದು ಆರಂಭವಾದ ಮಳೆಯು ಮರುದಿನ ಬೆಳಗಿನವರೆಗಿನ 24 ಗಂಟೆಗಳಲ್ಲಿ ಸಾಂತಾಕ್ರೂಜ್ ಹವಾಮಾನ ಕೇಂದ್ರದಲ್ಲಿ 944 ಮಿ.ಮೀ. ದಾಖಲಾಯಿತು. ಅದೇ ನಗರದ ದಕ್ಷಿಣ ತುದಿಯ ಕೊಲಾಬಾದಲ್ಲಿ ಅದೇ ಅವಧಿಯ ಮಳೆ 75 ಮಿ.ಮೀ.ಯನ್ನೂ ಮುಟ್ಟಲಿಲ್ಲ. ಮಧ್ಯಾಹ್ನದ ದೊಡ್ಡ ಭರತವೂ ಮಳೆಯ ರಭಸವೂ ಒಂದೇ ಹೊತ್ತಿಗೆ ಕೂಡಿದ್ದರಿಂದ ಮೀಠಿಯ ಇಕ್ಕೆಲಗಳು ಮುಳುಗಿದವು. ಕುರ್ಲಾದ ಲಾಲ್ ಬಹಾದುರ್ ಶಾಸ್ತ್ರಿ ಮಾರ್ಗ, ರೈಲು ನಿಲ್ದಾಣದ ಪರಿಸರ, ಕ್ರಾಂತಿ ನಗರ ಮೊದಲಾದೆಡೆ ವಾಹನಗಳು ನಿಂತಲ್ಲಿಯೇ ನೀರಿನಡಿ ಸೇರಿದವು. ಮುಂಬಯಿ ನಗರವೊಂದರಲ್ಲೇ ನಾಲ್ಕು ನೂರಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು. ಅವರಲ್ಲಿ ಕೆಲವರು ಬಾಗಿಲು ತೆರೆಯಲಾಗದೆ ತಮ್ಮ ಕಾರುಗಳೊಳಗೇ ಸಿಲುಕಿ ಸತ್ತವರು. ಅದರ ನಂತರ ನದಿಯನ್ನು ಅಗಲಗೊಳಿಸುವ, ಹೂಳೆತ್ತುವ ಕಾರ್ಯಗಳು ನಡೆದಿವೆಯಾದರೂ 2017ರ ಆಗಸ್ಟ್ 29ರಂದು, 2019ರ ಜುಲೈ ಮೊದಲ ವಾರದಲ್ಲಿ ಮತ್ತು 2025ರ ಆಗಸ್ಟ್ 19ರಂದು ನಗರದ ರಸ್ತೆಗಳು ಮತ್ತೆ ಮುಳುಗಿದವು. 2025ರಲ್ಲಿ ಕ್ರಾಂತಿ ನಗರದ ನೂರಾರು ನಿವಾಸಿಗಳನ್ನು ಮನೆಗಳಿಂದ ಸ್ಥಳಾಂತರಿಸಬೇಕಾಯಿತು.

ವಾಹನಗಳಿಗೂ ಕುರ್ಲಾಕ್ಕೂ ಇರುವ ನಂಟು ನೆರೆಯದಷ್ಟೇ ಅಲ್ಲ. ವಾಲ್‌ಚಂದ್ ಹೀರಾಚಂದ್ ಅವರು 1944ರಲ್ಲಿ ಸ್ಥಾಪಿಸಿದ ಪ್ರೀಮಿಯರ್ ಆಟೋಮೊಬೈಲ್ಸ್ ಸಂಸ್ಥೆಯ ಕಾರ್ಖಾನೆ ಇದ್ದುದು ಇಲ್ಲಿಯೇ. ದಶಕಗಳ ಕಾಲ ಮುಂಬಯಿಯ ಕಪ್ಪು-ಹಳದಿ ಟ್ಯಾಕ್ಸಿಯೆಂದರೆ ಕುರ್ಲಾದಲ್ಲಿ ತಯಾರಾದ ಪದ್ಮಿನಿಯೇ ಆಗಿತ್ತು. 2023ರ ಅಕ್ಟೋಬರ್ ಕೊನೆಯಲ್ಲಿ ಆ ಟ್ಯಾಕ್ಸಿಗಳ ಓಡಾಟ ನಿಂತಿತು. ಕಾರ್ಖಾನೆ ಹೋದರೂ ಬಿಡಿಭಾಗಗಳ ವ್ಯಾಪಾರ ಉಳಿದಿದೆ. ಕುರ್ಲಾ ಪಶ್ಚಿಮದ ಸಿ.ಎಸ್.ಟಿ. ರಸ್ತೆಯ ಅಂಗಡಿಗಳಲ್ಲಿ ಹೊಸತೂ ಹಳತೂ ಆದ ವಾಹನ ಭಾಗಗಳು ಇಂದಿಗೂ ದೊರೆಯುತ್ತವೆ. (ಈ ಮೂರಕ್ಷರಗಳಿಗೂ ಛತ್ರಪತಿ ಶಿವಾಜಿ ಟರ್ಮಿನಸ್ಸಿಗೂ ಸಂಬಂಧವಿಲ್ಲ. 1928ರಲ್ಲಿ ಆರಂಭವಾಗಿ ಕೆಲವೇ ವರ್ಷಗಳಲ್ಲಿ ಮುಚ್ಚಿಹೋದ ಸೆಂಟ್ರಲ್ ಸಾಲ್ಸೆಟ್ ಟ್ರಾಂವೇ ಎಂಬ ರೈಲು ಮಾರ್ಗದ ನೆನಪು ಅದು.) ಕುರ್ಲಾ ಪೂರ್ವದ ಬಂಟರ ಭವನಕ್ಕೆ ಸಭೆ, ಮದುವೆಗಳಿಗೆಂದು ಕರಾವಳಿಯಿಂದ ವಾಹನ ಮಾಡಿಕೊಂಡು ಬರುವ ಕನ್ನಡಿಗರಿಗೂ ಈ ರಸ್ತೆಗಳು ಪರಿಚಿತವೇ.

ಆಕ್ಸಲ್ ಉಸಿರಾಡುವುದೇಕೆ?

ಜೀಪು, ಲಾರಿ, ಬಸ್ಸು, ಹಿಂದಿನ ಚಕ್ರಗಳಿಂದ ನಡೆಯುವ ವ್ಯಾನು ಮುಂತಾದವುಗಳ ಕೆಳಗೆ ಬಗ್ಗಿ ನೋಡಿದರೆ ಎರಡು ಹಿಂಚಕ್ರಗಳ ನಡುವೆ ಒಂದು ಅಡ್ಡ ಕೊಳವೆಯೂ ಅದರ ಮಧ್ಯದಲ್ಲಿ ಕುಂಬಳಕಾಯಿಯಂತೆ ಉಬ್ಬಿದ ಭಾಗವೂ ಕಾಣುತ್ತವೆ. ಗ್ಯಾರೇಜಿನವರು ಇದನ್ನು ‘ಹೌಸಿಂಗ್’ ಎನ್ನುತ್ತಾರೆ. ಉಬ್ಬಿನೊಳಗೆ ಕ್ರೌನ್ ಮತ್ತು ಪಿನಿಯನ್ ಎಂಬ ಹಲ್ಲುಚಕ್ರಗಳೂ ಡಿಫರೆನ್ಷಿಯಲ್ ಗೇರುಗಳೂ ಇರುತ್ತವೆ. ಎಂಜಿನಿನ ಬಲ ಇಲ್ಲಿ ದಿಕ್ಕು ಬದಲಿಸಿ ಎರಡೂ ಚಕ್ರಗಳಿಗೆ ಹಂಚಿಹೋಗುತ್ತದೆ. ನಾಲ್ಕೂ ಚಕ್ರಗಳಿಂದ ನಡೆಯುವ ವಾಹನದಲ್ಲಿ ಮುಂದೆಯೂ ಇಂತಹುದೇ ವ್ಯವಸ್ಥೆ ಇರುತ್ತದೆ. ಪೆಟ್ಟಿಗೆಯ ತಳದಲ್ಲಿ ಗೇರ್ ಎಣ್ಣೆ ಇದ್ದು ಮೇಲಿನ ಜಾಗವನ್ನೆಲ್ಲ ಗಾಳಿ ತುಂಬಿರುತ್ತದೆ. ಎಣ್ಣೆ ಸೋರದಂತೆ, ಚಕ್ರದ ದಂಡಗಳೂ ಪಿನಿಯನ್ನಿನ ದಂಡವೂ ಹೊರಬರುವೆಡೆಗಳಲ್ಲಿ ರಬ್ಬರಿನ ತುಟಿಯುಳ್ಳ ಆಯಿಲ್ ಸೀಲ್‌ಗಳನ್ನು ಕೂರಿಸಲಾಗಿದೆ.

ವಾಹನ ಓಡಿದಾಗ ಗೇರುಗಳ ತಿಕ್ಕಾಟದಿಂದ ಎಣ್ಣೆ ಬಿಸಿಯಾಗುತ್ತದೆ. ಅದರೊಂದಿಗೆ ಗಾಳಿಯೂ ಹಿಗ್ಗುತ್ತದೆ. ಹಿಗ್ಗಿದ ಗಾಳಿಗೆ ಹೊರಹೋಗಲು ದಾರಿ ಇಲ್ಲದಿದ್ದರೆ ಒಳಗಿನ ಒತ್ತಡ ಏರಿ, ಎಣ್ಣೆಯು ಸೀಲ್‌ಗಳನ್ನು ನೂಕಿಕೊಂಡು ಹೊರಬರುತ್ತದೆ. ಇದನ್ನು ತಪ್ಪಿಸಲೆಂದೇ ಹೌಸಿಂಗಿನ ಮೇಲ್ಭಾಗದಲ್ಲಿ ಉಸಿರುಗೊಳವೆಯನ್ನು ಇಡುತ್ತಾರೆ. ಕೆಲವು ವಾಹನಗಳಲ್ಲಿ ಅದು ಬರಿಯ ತೂತುಳ್ಳ ಬೋಲ್ಟು. ಕೆಲವುಗಳಲ್ಲಿ ಧೂಳು ಬೀಳದಂತೆ ತಗಡಿನ ಸಣ್ಣ ಟೋಪಿ ಇರುತ್ತದೆ. ಟೋಪಿಯ ಬಗೆಯದು ಒಳಗಿನ ಗಾಳಿಯನ್ನು ಹೊರಬಿಡುತ್ತದೆಯೇ ಹೊರತು ಹೊರಗಿನ ಗಾಳಿಯನ್ನು ಸುಲಭವಾಗಿ ಒಳಕ್ಕೆ ಬಿಡುವುದಿಲ್ಲ. ಒಣ ರಸ್ತೆಯಲ್ಲಿ ಇವೆರಡೂ ಸಮರ್ಪಕವಾಗಿ ಕೆಲಸ ಮಾಡುತ್ತವೆ.

ತೊಂದರೆ ಬರುವುದು ಬಿಸಿಯಾದ ಆಕ್ಸಲ್ ತಣ್ಣೀರಿಗೆ ಇಳಿದಾಗ. ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಮಂಗಳೂರು, ಕಾರವಾರಗಳ ಕಡೆಯಿಂದ ಇಡೀ ದಿನ ಓಡಿ, ಪನವೇಲ್ ದಾಟಿ ಮುಂಬಯಿ ಸೇರಿದ ವಾಹನವನ್ನು ಊಹಿಸಿಕೊಳ್ಳಬಹುದು. ಅದರ ಆಕ್ಸಲ್ ಒಳಗಿನ ಉಷ್ಣತೆ 85 ಡಿಗ್ರಿ ಸೆಲ್ಸಿಯಸ್ ಇದೆಯೆಂದೂ ಕುರ್ಲಾದ ರಸ್ತೆಯ ಮೇಲೆ ನಿಂತ ಮಳೆನೀರು 30 ಡಿಗ್ರಿ ಇದೆಯೆಂದೂ ಇಟ್ಟುಕೊಳ್ಳೋಣ. ಅನಿಲಗಳ ಗಾತ್ರ ಅವುಗಳ ನಿರಪೇಕ್ಷ ಉಷ್ಣತೆಯನ್ನು ಅನುಸರಿಸುತ್ತದೆ. 85 ಡಿಗ್ರಿ ಎಂದರೆ ನಿರಪೇಕ್ಷ ಮಾನದಲ್ಲಿ 358. 30 ಎಂದರೆ 303. ಎಂದರೆ ಪೂರ್ತಿ ತಣಿಯುವ ಹೊತ್ತಿಗೆ ಒಳಗಿನ ಗಾಳಿ ಸುಮಾರು ಶೇಕಡಾ 15ರಷ್ಟು ಕುಗ್ಗುತ್ತದೆ. ಒಳಗೆ ಎರಡು ಲೀಟರು ಗಾಳಿಯಿದ್ದರೆ ಖಾಲಿಯಾದ ಜಾಗ ಸುಮಾರು 300 ಮಿಲಿಲೀಟರು. ಆ ಜಾಗವನ್ನು ಏನಾದರೊಂದು ತುಂಬಲೇಬೇಕು. ಉಸಿರುಗೊಳವೆಯ ಬಾಯಿ ನೀರಿನೊಳಗಿದ್ದರೆ ತುಂಬುವುದು ನೀರೇ.

ಬಾಯಿ ಮುಚ್ಚಿಕೊಂಡಿದ್ದರೆ ಅಥವಾ ಟೋಪಿ ಅಂಟಿಕೊಂಡಿದ್ದರೆ ಪರಿಸ್ಥಿತಿ ಬೇರೆ, ಆದರೆ ಸುಧಾರಿಸುವುದಿಲ್ಲ. ಗಾಳಿಗೆ ದಾರಿಯಿಲ್ಲದ್ದರಿಂದ ಒಳಗಿನ ಒತ್ತಡ ವಾಯುಭಾರಕ್ಕಿಂತ ಆರನೆಯ ಒಂದು ಭಾಗದಷ್ಟು ಕಡಿಮೆಯಾಗುತ್ತದೆ. ಈ ಸೆಳೆತ ಸುಮಾರು ಒಂದೂವರೆ ಮೀಟರ್ ಎತ್ತರದ ನೀರಿನ ಕಂಬಕ್ಕೆ ಸಮ. ಮೊಣಕಾಲುದ್ದದ ನೀರಿನಲ್ಲಿ ನಿಂತ ವಾಹನವು ಈ ದೃಷ್ಟಿಯಿಂದ ಎರಡು ಮೀಟರ್ ಆಳದಲ್ಲಿ ಮುಳುಗಿದಂತೆಯೇ ಸರಿ. ಆಯಿಲ್ ಸೀಲ್‌ನ ತುಟಿಯನ್ನು ಒಳಗಿನ ಎಣ್ಣೆ ಹೊರಬಾರದಂತೆ ರೂಪಿಸಿರುತ್ತಾರೆ. ಹೊರಗಿನ ಒತ್ತಡವನ್ನು ತಡೆಯುವುದರಲ್ಲಿ ಅದು ದುರ್ಬಲ. ಸ್ವಲ್ಪ ಸವೆದ ಸೀಲ್ ಆಗಿದ್ದರಂತೂ ನೀರು ಅದನ್ನು ಸರಿಸಿಕೊಂಡು ಒಳನುಗ್ಗುತ್ತದೆ.

ಒಳಹೋದ ನೀರು ಎಣ್ಣೆಗಿಂತ ಭಾರವಾದುದರಿಂದ ತಳದಲ್ಲಿ ನಿಲ್ಲುತ್ತದೆ. ವಾಹನ ಓಡಿದೊಡನೆ ಕ್ರೌನ್ ಚಕ್ರ ಎರಡನ್ನೂ ಕಡೆದು ಬೆರೆಸಿಬಿಡುತ್ತದೆ. ಗೇರಿನ ಹಲ್ಲುಗಳು ಒಂದರ ಮೇಲೊಂದು ಜಾರುವಾಗ ನಡುವೆ ಉಳಿಯಬೇಕಾದ ಎಣ್ಣೆಯ ತೆಳುಪೊರೆ ಈ ಮಿಶ್ರಣದಲ್ಲಿ ನಿಲ್ಲುವುದಿಲ್ಲ. ಲೋಹ ಲೋಹವನ್ನೇ ಉಜ್ಜುತ್ತದೆ. ವಾಹನ ನಿಂತಾಗ ಬೇರಿಂಗುಗಳ ನುಣುಪಾದ ಮೈಯ ಮೇಲೆ ನೀರಿನ ಹನಿ ಕುಳಿತು ತುಕ್ಕಿನ ಕಲೆ ಮೂಡಿಸುತ್ತದೆ. ಮೀಠಿಯ ಕೆಳಪಾತ್ರದಂತೆ ಭರತದ ಉಪ್ಪುನೀರೂ ಚರಂಡಿಯ ಕೊಳೆಯೂ ಬೆರೆಯುವ ಕಡೆ ತುಕ್ಕಿನ ವೇಗ ಇನ್ನೂ ಹೆಚ್ಚು. ಹೊಸ ಕ್ರೌನ್-ಪಿನಿಯನ್ ಜೋಡಿ, ಬೇರಿಂಗುಗಳು, ಅವನ್ನು ಸರಿಯಾಗಿ ಹೊಂದಿಸುವ ಕೂಲಿ ಇವೆಲ್ಲ ಸೇರಿದರೆ ಬಾಡಿಗೆ ವಾಹನವನ್ನೇ ನಂಬಿದ ಕುಟುಂಬಕ್ಕೆ ಅದು ದೊಡ್ಡ ಪೆಟ್ಟು. ದುರಸ್ತಿಯ ದಿನಗಳಲ್ಲಿ ತಪ್ಪುವ ಸಂಪಾದನೆಯನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಮೇಲೆ ಒಯ್ಯುವ ವಿಧಾನ

ಪರಿಹಾರದ ತತ್ತ್ವ ಸರಳ. ಆಕ್ಸಲ್ ಉಸಿರಾಡಲಿ, ಆದರೆ ನೀರಿಲ್ಲದ ಎತ್ತರದಿಂದ ಉಸಿರಾಡಲಿ. ಎರಡನೆಯ ಮಹಾಯುದ್ಧದಲ್ಲಿ ಹಡಗಿನಿಂದ ಇಳಿದು ದಡ ಸೇರಬೇಕಾಗಿದ್ದ ಸೇನಾ ವಾಹನಗಳ ಎಂಜಿನಿನ ಗಾಳಿಕೊಳವೆ, ಹೊಗೆಕೊಳವೆಗಳನ್ನು ಇದೇ ತತ್ತ್ವದ ಮೇಲೆ ಎತ್ತರಿಸಲಾಗಿತ್ತು. ಆ ಕಾಲದ ವಿಲ್ಲೀಸ್ ಜೀಪನ್ನೇ 1940ರ ದಶಕದ ಕೊನೆಯಲ್ಲಿ ಮುಂಬಯಿಯಲ್ಲಿ ಜೋಡಿಸಲು ಆರಂಭಿಸಿದ ಮಹೀಂದ್ರ ಸಂಸ್ಥೆಯಿಂದ ನಮ್ಮ ದೇಶದ ಜೀಪುಗಳ ವಂಶ ಬೆಳೆಯಿತು. ಕೊಡಗು, ಚಿಕ್ಕಮಗಳೂರುಗಳ ಕಾಫಿ ತೋಟಗಳಲ್ಲಿ, ಕೊಡಚಾದ್ರಿ, ಮಾಂದಲಪಟ್ಟಿಗಳ ಏರುದಾರಿಗಳಲ್ಲಿ ದುಡಿಯುವ ಜೀಪುಗಳು ಆ ವಂಶದವೇ.

ಕೆಲಸಕ್ಕೆ ಕೈಹಾಕುವ ಮೊದಲು ವಾಹನದ ಕೈಪಿಡಿಯನ್ನು ನೋಡಬೇಕು. ಕೆಲವು ತಯಾರಕರು ಕಾರ್ಖಾನೆಯಲ್ಲಿಯೇ ನಳಿಕೆ ಜೋಡಿಸಿ ಅದನ್ನು ಮೇಲಕ್ಕೆ ಒಯ್ದಿರುತ್ತಾರೆ. ಅಂತಹ ವಾಹನದಲ್ಲಿ ನಳಿಕೆ ಸೀಳಿಲ್ಲವೆಂಬುದನ್ನೂ, ಅದರ ಬಾಯಿ ಎಲ್ಲಿದೆಯೆಂಬುದನ್ನೂ ಖಚಿತಪಡಿಸಿಕೊಂಡರೆ ಸಾಕು. ಖಾತರಿ ಅವಧಿ ಮುಗಿಯದ ವಾಹನಕ್ಕೆ ಮಾರಾಟಗಾರರ ಒಪ್ಪಿಗೆ ಪಡೆಯುವುದು ಲೇಸು. ಮೋಟಾರು ವಾಹನಗಳ ಅಧಿನಿಯಮ, 1988ರ 52ನೆಯ ಕಲಮು ನಿರ್ಬಂಧಿಸುವುದು ನೋಂದಣಿ ಪತ್ರದಲ್ಲಿನ ವಿವರಗಳಿಗೂ ತಯಾರಕರ ಮೂಲ ವಿವರಗಳಿಗೂ ವ್ಯತ್ಯಾಸ ಬರುವಂತಹ ಮಾರ್ಪಾಡನ್ನು. ಅಂತಹ ಯಾವ ವಿವರವೂ ಉಸಿರುಗೊಳವೆಗೆ ಸಂಬಂಧಿಸಿದ್ದಲ್ಲ.

ಕೆಲಸವು ಆರಂಭವಾಗುವುದು ತೊಳೆಯುವುದರಿಂದ. ವಾಹನವನ್ನು ಸಮತಟ್ಟಾದ ಗಟ್ಟಿ ನೆಲದ ಮೇಲೆ ನಿಲ್ಲಿಸಿ, ಚಕ್ರಗಳಿಗೆ ಅಡೆಕಲ್ಲು ಕೊಟ್ಟು, ಆಕ್ಸಲ್ ಪೂರ್ತಿ ತಣಿದ ಮೇಲೆ ಉಸಿರುಗೊಳವೆಯ ಸುತ್ತಣ ಕೆಸರನ್ನು ಕುಂಚದಿಂದ ಉಜ್ಜಿ ತೆಗೆಯಬೇಕು. ಕೊಳವೆಯನ್ನು ತಿರುಗಿಸಿ ಕಳಚುವಾಗ ಒಂದು ಚಿಟಿಕೆ ಮರಳು ಒಳಗೆ ಬಿದ್ದರೂ ಅದು ಬೇರಿಂಗುಗಳ ನಡುವೆ ಹೋಗಿ ಕೂರುತ್ತದೆ. ಜಾಕ್ ಒಂದನ್ನೇ ನಂಬಿ ವಾಹನದ ಅಡಿಗೆ ತೂರುವ ಅಭ್ಯಾಸದಿಂದ ಸತ್ತವರಿದ್ದಾರೆ. ಎತ್ತಲೇಬೇಕಾದರೆ ಗಟ್ಟಿಯಾದ ಸ್ಟ್ಯಾಂಡುಗಳ ಮೇಲೆ ಕೂರಿಸಬೇಕು.

ಕಳಚಿದ ಭಾಗವನ್ನು ಸಿ.ಎಸ್.ಟಿ. ರಸ್ತೆಯಂತಹ ಬಿಡಿಭಾಗಗಳ ಪೇಟೆಗೆ ಒಯ್ದು, ಅದೇ ಮರೆಯುಳ್ಳ, ಆದರೆ ನಳಿಕೆ ತೊಡಿಸಲು ಮೊಗ್ಗಿನಂತಹ ತುದಿಯಿರುವ ಜೋಡಣೆಯನ್ನು ಆರಿಸಬೇಕು. ಕಣ್ಣಂದಾಜಿನಿಂದ ಮರೆಯನ್ನು ಹೊಂದಿಸಬಾರದು. ಹೋಲುವಂತೆ ಕಂಡರೂ ಹೊಂದದ ಮರೆಯನ್ನು ಬಲವಂತವಾಗಿ ತಿರುಗಿಸಿದರೆ ಹೌಸಿಂಗಿನ ತೂತೇ ಕೆಟ್ಟುಹೋಗುತ್ತದೆ. ಮೂಲ ಕೊಳವೆಯ ಮೇಲೆಯೇ ನಳಿಕೆ ತೊಡಿಸಬಹುದಾದರೆ ಅದರ ಟೋಪಿಯನ್ನೂ ಒಳಗಿನ ಗುಂಡು ಅಥವಾ ಸ್ಪ್ರಿಂಗನ್ನೂ ತೆಗೆದಿರಬೇಕು. ಇದನ್ನು ಮರೆತವರ ಶ್ರಮ ವ್ಯರ್ಥ. ನಳಿಕೆ ಎಷ್ಟೇ ಎತ್ತರದಲ್ಲಿದ್ದರೂ ಗಾಳಿ ಒಳಕ್ಕೆ ಬರಲಾರದ್ದರಿಂದ ಸೀಲ್‌ಗಳ ಮೂಲಕ ನೀರನ್ನು ಸೆಳೆಯುವ ಕ್ರಿಯೆ ಮುಂಚಿನಂತೆಯೇ ನಡೆಯುತ್ತದೆ.

ನಳಿಕೆಯು ಎಣ್ಣೆಯನ್ನೂ ಬಿಸಿಯನ್ನೂ ತಾಳುವಂತಹುದಾಗಿರಬೇಕು. ಇಂಧನಕ್ಕೆ ಬಳಸುವ ರಬ್ಬರ್ ಹೋಸ್ ಅಥವಾ ಲಾರಿಗಳ ಗಾಳಿ ಬ್ರೇಕಿನಲ್ಲಿ ಬಳಸುವ ನೈಲಾನ್ ನಳಿಕೆ ಇವೆರಡೂ ಒಳ್ಳೆಯವು. ಒಳವ್ಯಾಸ 5ರಿಂದ 6 ಮಿ.ಮೀ. ಇದ್ದರೆ ಸಾಕು. ಕೈತೋಟಕ್ಕೆ ನೀರು ಹಾಯಿಸುವ ಪಾರದರ್ಶಕ ಪ್ಲಾಸ್ಟಿಕ್ ನಳಿಕೆ ಅಗ್ಗವೆಂದು ಅದನ್ನೇ ಹಾಕುವವರುಂಟು. ಬಿಸಿಗೆ ಅದು ಮೆತ್ತಗಾಗಿ ಬಾಗಿದಲ್ಲಿ ಮುಚ್ಚಿಕೊಳ್ಳುತ್ತದೆ. ಆಗ ಉಸಿರುಗೊಳವೆ ಇದ್ದೂ ಇಲ್ಲದಂತೆ.

ಉದ್ದವನ್ನು ಅಳೆಯುವಾಗ ಆಗುವ ತಪ್ಪು ಎಲ್ಲಕ್ಕಿಂತ ಸಾಮಾನ್ಯವಾದುದು. ಆಕ್ಸಲ್ ವಾಹನದ ಚೌಕಟ್ಟಿಗೆ ಬಿಗಿದುಕೊಂಡಿಲ್ಲ. ಪಟ್ಟೆಗಳ ಅಥವಾ ಸ್ಪ್ರಿಂಗುಗಳ ಮೇಲೆ ಏರಿಳಿಯುತ್ತಿರುತ್ತದೆ. ವಾಹನ ನೆಲದ ಮೇಲೆ ನಿಂತಿರುವಾಗ ಅಳತೆ ಮಾಡಿ ಬಿಗಿಯಾಗಿ ಕಟ್ಟಿದ ನಳಿಕೆಯು, ಚಕ್ರವೊಂದು ಗುಂಡಿಗೆ ಇಳಿದು ಆಕ್ಸಲ್ ಜೋತಾಗ ಕಿತ್ತುಬರುತ್ತದೆ. ಆದ್ದರಿಂದ ಚೌಕಟ್ಟನ್ನು ಎತ್ತಿ ಸ್ಟ್ಯಾಂಡಿನ ಮೇಲೆ ಕೂರಿಸಿ, ಆಕ್ಸಲ್ ಪೂರ್ತಿ ಕೆಳಕ್ಕೆ ಜೋತಿರುವಾಗ ಅಳೆದು ಅದರ ಮೇಲೂ ಕೊಂಚ ಸಡಿಲ ಬಿಡಬೇಕು. ಬ್ರೇಕಿನ ರಬ್ಬರ್ ಹೋಸ್ ಆಕ್ಸಲ್‌ನಿಂದ ಚೌಕಟ್ಟಿಗೆ ಹೋಗುವ ದಾರಿಯನ್ನೇ ಇದೂ ಅನುಸರಿಸಿದರೆ ಉತ್ತಮ. ಆ ದಾರಿಯನ್ನು ತಯಾರಕರು ಯೋಚಿಸಿಯೇ ಗೊತ್ತುಪಡಿಸಿರುತ್ತಾರೆ. ಆದರೆ ಬ್ರೇಕಿನ ಹೋಸ್‌ಗೆ ಇದನ್ನು ಬಿಗಿದು ಕಟ್ಟಬಾರದು. ಹೊಗೆಕೊಳವೆಯಿಂದಲೂ ತಿರುಗುವ ದಂಡದಿಂದಲೂ ದೂರವಿಡಬೇಕು.

ನಳಿಕೆಯ ದಾರಿ ಮೊದಲಿನಿಂದ ಕೊನೆಯವರೆಗೆ ಏರುತ್ತಲೇ ಇರಬೇಕೆಂಬುದು ಇನ್ನೊಂದು ನಿಯಮ. ನಡುವೆ ಜೋತುಬಿದ್ದ ತಗ್ಗಿದ್ದರೆ ಎಣ್ಣೆಯ ಆವಿಯೂ ತೇವವೂ ಅಲ್ಲಿ ಹನಿಗಟ್ಟಿ ನಿಂತು ಗಾಳಿಗೆ ಅಡ್ಡಿಯಾಗುತ್ತವೆ. ಮುಂದಿನ ಆಕ್ಸಲ್‌ನ ನಳಿಕೆಯನ್ನು ಬಾನೆಟ್ಟಿನ ಕೆಳಗೆ, ಎಂಜಿನ್ ಕೋಣೆಯ ಹಿಂಗೋಡೆಯ ಮೇಲಂಚಿಗೆ ಒಯ್ಯುವುದು ವಾಡಿಕೆ. ಹಿಂದಿನದನ್ನು ಹಿಂದೀಪದ ಹಿಂಬದಿಯ ಪೊಳ್ಳಿಗೆ ಅಥವಾ ಇಂಧನ ತುಂಬುವ ಬಾಯಿಯ ಎತ್ತರಕ್ಕೆ ಒಯ್ಯಬಹುದು. ಕೊನೆಯಲ್ಲಿ ನಳಿಕೆಯನ್ನು ಕೊಡೆಯ ಹಿಡಿಯಂತೆ ಕೆಳಮುಖವಾಗಿ ಬಾಗಿಸಿದರೆ ಮೇಲಿನಿಂದ ಹನಿಯುವ ನೀರು ಒಳಬೀಳುವುದಿಲ್ಲ. ತುದಿಗೆ ಮೋಟಾರು ಸೈಕಲ್ಲಿನ ಸಣ್ಣ ಪೆಟ್ರೋಲ್ ಫಿಲ್ಟರೊಂದನ್ನು ಸಿಕ್ಕಿಸುವ ರೂಢಿ ಜೀಪಿನವರಲ್ಲಿದೆ. ಧೂಳು ತಡೆಯಲು ಅದು ಸಾಕು. ಗೇರುಪೆಟ್ಟಿಗೆ ಮತ್ತು ನಾಲ್ಕು ಚಕ್ರಕ್ಕೆ ಬಲ ಹಂಚುವ ಪೆಟ್ಟಿಗೆಗಳಿಗೂ ತಮ್ಮವೇ ಉಸಿರುಗೊಳವೆಗಳಿವೆಯೆಂಬುದನ್ನು ಮರೆಯಬಾರದು. ಎಲ್ಲವನ್ನೂ ಕವಲು ಜೋಡಣೆಗಳಿಂದ ಕೂಡಿಸಿ ಒಂದೇ ಬಾಯಿಗೆ ಒಯ್ಯಬಹುದಾದರೂ ಆ ಒಂದು ಬಾಯಿ ಕಟ್ಟಿಕೊಂಡರೆ ಎಲ್ಲಕ್ಕೂ ತೊಂದರೆ. ಪ್ರತಿಯೊಂದಕ್ಕೂ ಬೇರೆ ನಳಿಕೆ ಇರುವುದೇ ಮೇಲು.

ಜೋಡಣೆ ಮುಗಿದ ಮೇಲೆ ನಳಿಕೆಯ ತುದಿಯಿಂದ ಬಾಯಲ್ಲಿ ಮೆಲ್ಲನೆ ಊದಿ ನೋಡಿದರೆ ದಾರಿ ತೆರೆದಿದೆಯೇ ಎಂಬುದು ತಿಳಿಯುತ್ತದೆ. ಟೈರಿಗೆ ಗಾಳಿ ತುಂಬುವ ಕಂಪ್ರೆಸರಿನಿಂದ ಊದಿಸಬಾರದು. ಆ ಒತ್ತಡಕ್ಕೆ ಸೀಲ್‌ಗಳೇ ಹೊರಕ್ಕೆ ತಳ್ಳಲ್ಪಡುತ್ತವೆ.

ಇಷ್ಟೆಲ್ಲ ಗೊಡವೆ ಏಕೆ, ಉಸಿರುಗೊಳವೆಯನ್ನೇ ಮುಚ್ಚಿಬಿಟ್ಟರೆ ನೀರು ಬರುವುದಿಲ್ಲವಲ್ಲ ಎಂದು ಬೋಲ್ಟು ಬಿಗಿದೋ ಅಂಟು ಮೆತ್ತಿಯೋ ಕೈತೊಳೆದುಕೊಳ್ಳುವವರಿದ್ದಾರೆ. ಇದು ಅತ್ಯಂತ ಅಪಾಯಕರ. ಉಸಿರುಗಟ್ಟಿದ ಆಕ್ಸಲ್‌ನಲ್ಲಿ ಬಿಸಿಗಾಳಿಯ ಒತ್ತಡಕ್ಕೆ ಎಣ್ಣೆಯು ಚಕ್ರದ ಬದಿಯ ಸೀಲ್ ದಾಟಿ ಬ್ರೇಕ್ ಡ್ರಮ್ಮಿನೊಳಗೆ ಇಳಿಯುತ್ತದೆ. ಎಣ್ಣೆ ಕುಡಿದ ಲೈನಿಂಗು ಬ್ರೇಕು ಹಿಡಿಯುವುದಿಲ್ಲ, ಅಥವಾ ಒಂದೇ ಬದಿಗೆ ಹಿಡಿದು ವಾಹನವನ್ನು ಎಳೆಯುತ್ತದೆ. ನೀರಿನಿಂದ ಗೇರು ಕೆಟ್ಟರೆ ನಷ್ಟವಾಗುವುದು ಹಣ. ಆಗುಂಬೆಯ ತಿರುವಿನಲ್ಲೋ ಖಂಡಾಲದ ಇಳಿಜಾರಿನಲ್ಲೋ ಬ್ರೇಕು ಕೆಟ್ಟರೆ ಲೆಕ್ಕ ಬೇರೆ.

ನಳಿಕೆಯಿಂದ ಆಗದಿರುವುದು

ಉಸಿರುಗೊಳವೆಯನ್ನು ಎತ್ತರಿಸಿದೊಡನೆ ವಾಹನವು ದೋಣಿಯಾಗುವುದಿಲ್ಲ. ನೀರಿಗೆ ಇಳಿಯಬಹುದಾದ ಆಳವನ್ನು ನಿಶ್ಚಯಿಸುವುದು ಎಂಜಿನ್ ಗಾಳಿ ಸೆಳೆಯುವ ಬಾಯಿಯ ಎತ್ತರ, ವಿದ್ಯುತ್ ಭಾಗಗಳ ಸ್ಥಾನ ಮುಂತಾದವು. ತಯಾರಕರು ಇದನ್ನು ಅಳತೆಯಲ್ಲಿ ತಿಳಿಸುತ್ತಾರೆ: 2020ರಲ್ಲಿ ಬಂದ ಮಹೀಂದ್ರ ಥಾರ್‌ಗೆ 650 ಮಿ.ಮೀ., 2021ರ ಫೋರ್ಸ್ ಗೂರ್ಖಾಕ್ಕೆ 700 ಮಿ.ಮೀ. ಇವು ಕಾಡುದಾರಿಗೆಂದೇ ರೂಪಿಸಿದ ವಾಹನಗಳು. ಸಾಮಾನ್ಯ ಕಾರಿನ ಮಿತಿ ಇದಕ್ಕಿಂತ ಎಷ್ಟೋ ಕಡಿಮೆ. ಮಿತಿ ಮೀರಿದಾಗ ಎಂಜಿನಿನ ಸಿಲಿಂಡರಿಗೆ ನೀರು ಹೊಕ್ಕರೆ, ಅದನ್ನು ಗಾಳಿಯಂತೆ ಒತ್ತಿ ಕುಗ್ಗಿಸಲಾಗದ ಕಾರಣ ಕನೆಕ್ಟಿಂಗ್ ರಾಡು ಬಾಗಿಹೋಗುತ್ತದೆ. ನೀರಿನಲ್ಲಿ ನಿಂತುಹೋದ ಎಂಜಿನನ್ನು ಮತ್ತೆ ಮತ್ತೆ ಸ್ಟಾರ್ಟ್ ಮಾಡಲು ಯತ್ನಿಸಬಾರದೆನ್ನುವುದು ಇದಕ್ಕಾಗಿಯೇ. ಚಕ್ರದ ಗುಂಬದ ಬೇರಿಂಗುಗಳಿಗೂ ಬ್ರೇಕಿನ ಭಾಗಗಳಿಗೂ ಉಸಿರುಗೊಳವೆಯಿಂದ ರಕ್ಷಣೆಯಿಲ್ಲ.

ಹರಿಯುವ ನೀರಿನ ಬಲವನ್ನು ಕಡೆಗಣಿಸುವಂತಿಲ್ಲ. ರಭಸದಿಂದ ಹರಿಯುವ ಒಂದಡಿ ನೀರು ಸಣ್ಣ ಕಾರನ್ನು ಸರಿಸಬಲ್ಲದು. ಎರಡಡಿ ನೀರು ದೊಡ್ಡ ವಾಹನವನ್ನೂ ಒಯ್ಯಬಲ್ಲದು. ನಿಂತ ನೀರೂ ಮೋಸ ಮಾಡುತ್ತದೆ. 2019ರ ಜುಲೈ 1ರ ರಾತ್ರಿ ಮುಂಬಯಿಯ ಮಲಾಡ್ ಸಬ್‌ವೇಯಲ್ಲಿ ನೆಲದಿಂದ ಎತ್ತರವಿರುವ ದೊಡ್ಡ ವಾಹನವೊಂದರಲ್ಲಿದ್ದ ಇಬ್ಬರು, ತುಂಬಿದ ನೀರಿನಲ್ಲಿ ಸಿಲುಕಿ ಹೊರಬರಲಾಗದೆ ಸತ್ತರು. ನೀರು ಬಾಗಿಲನ್ನು ಹೊರಗಿನಿಂದ ಒತ್ತಿ ಹಿಡಿಯುತ್ತದೆ, ವಿದ್ಯುತ್ ಕೆಟ್ಟೊಡನೆ ಕಿಟಕಿಯ ಗಾಜು ಇಳಿಯುವುದಿಲ್ಲ. ಆದುದರಿಂದ ಆಳ ತಿಳಿಯದ ನೀರಿಗೆ ಇಳಿಯಬಾರದು. ಅಕಸ್ಮಾತ್ ಸಿಲುಕಿದರೆ ಮೊದಲು ಕಿಟಕಿಯ ಗಾಜು ಇಳಿಸಿ ಬಾಗಿಲಿನ ಬೀಗ ಬಿಡಿಸಬೇಕು. ಗಾಜು ಒಡೆಯುವ ಚಿಕ್ಕ ಸುತ್ತಿಗೆಯೊಂದು ಚಾಲಕನ ಕೈಗೆಟಕುವಲ್ಲಿ ಇರಬೇಕು. ವಾಹನ ಉಳಿಸುವ ಯತ್ನ ಆಮೇಲಿನದು.

ಕೊಳವೆ ಎತ್ತರಿಸದ ವಾಹನದಲ್ಲಿ ಹಳ್ಳ ದಾಟಲೇಬೇಕಾದವರು ದಡದಲ್ಲಿ ಸ್ವಲ್ಪ ಹೊತ್ತು ನಿಂತು ಆಕ್ಸಲ್ ತಣಿಯಲು ಬಿಡುವುದರಿಂದ ನೀರಿನ ಸೆಳೆತ ಕಡಿಮೆಯಾಗುತ್ತದೆ. ಮಲೆನಾಡಿನ ಹಳೆಯ ಜೀಪು ಚಾಲಕರು ಹೊಳೆಯ ದಂಡೆಯಲ್ಲಿ ಎಲೆಯಡಿಕೆಗೆಂದು ಇಳಿಯುವುದರಲ್ಲಿ ಈ ಲಾಭವೂ ಸೇರಿದೆ.

ಈಗಾಗಲೇ ಮುಳುಗಿದ್ದರೆ

ಚಕ್ರದ ನಡುಮಟ್ಟಕ್ಕೆ ಅಥವಾ ಅದಕ್ಕೂ ಮೇಲೆ ನೀರಿನಲ್ಲಿ ನಿಂತಿದ್ದ ವಾಹನದ ಆಕ್ಸಲ್ ಎಣ್ಣೆಯನ್ನು ತಪ್ಪದೆ ಪರೀಕ್ಷಿಸಬೇಕು. ವಾಹನವನ್ನು ಓಡಿಸದೆ ಒಂದು ರಾತ್ರಿ ನಿಲ್ಲಿಸಿದ್ದರೆ ಪರೀಕ್ಷೆ ಸುಲಭ. ತಳದ ಬಿರಡೆಯನ್ನು ಪೂರ್ತಿ ತೆಗೆಯದೆ ಕೊಂಚ ಸಡಿಲಿಸಿದಾಗ ಮೊದಲು ಹೊರಬರುವುದು ನೀರಾಗಿದ್ದರೆ ಬೇರೆ ಸಾಕ್ಷಿ ಬೇಕಿಲ್ಲ. ಈಗಾಗಲೇ ಓಡಿಸಿದ್ದರೆ ಎಣ್ಣೆಯ ಬಣ್ಣವೇ ಹೇಳುತ್ತದೆ. ಜೇನಿನ ಅಥವಾ ಕಪ್ಪುಗಂದು ಬಣ್ಣವಾದರೆ ಚಿಂತೆಯಿಲ್ಲ. ಬಿಳಿಚಿಕೊಂಡು ಮಜ್ಜಿಗೆಯಂತೆ ಆಗಿದ್ದರೆ ಪೂರ್ತಿ ಬಸಿಯಬೇಕು. ಬಿರಡೆಯನ್ನು ಬಿಚ್ಚುವ ಮೊದಲು ಎಣ್ಣೆ ತುಂಬುವ ಮೇಲಿನ ಬಿರಡೆ ಬಿಚ್ಚಿಬರುತ್ತದೆಯೇ ಎಂದು ನೋಡಿಕೊಳ್ಳಬೇಕು. ಎಣ್ಣೆಯೆಲ್ಲ ಬಸಿದ ನಂತರ ಮೇಲಿನದು ತುಕ್ಕು ಹಿಡಿದು ಕೂತಿರುವುದು ತಿಳಿದರೆ ವಾಹನ ಅಲ್ಲಿಯೇ ಉಳಿಯುತ್ತದೆ.

ಕೈಪಿಡಿಯಲ್ಲಿ ಹೇಳಿದ ದರ್ಜೆಯ ಹೊಸ ಎಣ್ಣೆಯನ್ನೇ ತುಂಬಬೇಕು. ‘90 ನಂಬರ್’ ಎಂದು ಅಂಗಡಿಯಲ್ಲಿ ಕೇಳಿದರೆ ದೊರೆಯುವ ಡಬ್ಬಿಗಳಲ್ಲಿ ಸಾಮಾನ್ಯ ಗೇರುಪೆಟ್ಟಿಗೆಯದೂ ಇರುತ್ತದೆ, ಕ್ರೌನ್-ಪಿನಿಯನ್ನಿನ ಹೆಚ್ಚು ಒತ್ತಡ ತಾಳುವ ದರ್ಜೆಯದೂ ಇರುತ್ತದೆ; ಡಬ್ಬಿಯ ಮೇಲಿನ ಅಕ್ಷರಗಳನ್ನು ಓದಿಯೇ ಕೊಳ್ಳಬೇಕು. ಎಣ್ಣೆ ತುಂಬುವ ತೂತಿನ ಕೆಳಅಂಚಿನವರೆಗೆ ಬಂದರೆ ಮಟ್ಟ ಸರಿಯಾಯಿತು. ಹೆಚ್ಚು ತುಂಬಿದರೆ ಅದು ನಳಿಕೆಯ ಮೂಲಕವೇ ಮೇಲೇರಿ ಬರುತ್ತದೆ. ಒಮ್ಮೆ ಬಸಿದ ಮಾತ್ರಕ್ಕೆ ಆಕ್ಸಲ್‌ನ ಅಡ್ಡ ಕೊಳವೆಗಳ ತುದಿಯಲ್ಲಿ ನಿಂತ ನೀರು ಹೊರಬರುವುದಿಲ್ಲ. ಆದ್ದರಿಂದ ಕೆಲವು ಕಿಲೋಮೀಟರು ಓಡಿಸಿ, ಎಣ್ಣೆ ಬಿಸಿಯಿರುವಾಗಲೇ ಮತ್ತೆ ಬಸಿದು ಎರಡನೆಯ ಸಲ ತುಂಬಬೇಕಾಗುತ್ತದೆ. ಎರಡನೆಯ ಸಲವೂ ಬಿಳಿಚಿದ ಎಣ್ಣೆಯೇ ಬಂದರೆ ಚಕ್ರದ ದಂಡಗಳನ್ನು ಹೊರತೆಗೆಸಿ ಒಳಭಾಗವನ್ನು ತೊಳೆಸಬೇಕು, ಸೀಲ್‌ಗಳನ್ನು ಬದಲಿಸಬೇಕು. ಬಸಿದ ಎಣ್ಣೆಯಲ್ಲಿ ಲೋಹದ ಹೊಳೆಯುವ ಪುಡಿ ಕಂಡರೆ ಗೇರುಗಳನ್ನೂ ಬೇರಿಂಗುಗಳನ್ನೂ ಬಿಚ್ಚಿ ನೋಡದೆ ವಿಧಿಯಿಲ್ಲ.

ಬಸಿದ ಎಣ್ಣೆಯನ್ನು ಚರಂಡಿಗೆ ಸುರಿಯುವುದು ಹಲವೆಡೆ ನಡೆದುಬಂದಿದೆ. ಕುರ್ಲಾದ ಚರಂಡಿಯೆಂದರೆ ಅದು ಮೀಠಿಯೇ. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳಂತೆ ಬಳಸಿದ ಎಣ್ಣೆಯು ಅಧಿಕೃತ ಮರುಸಂಸ್ಕರಣ ಘಟಕಕ್ಕೆ ಹೋಗಬೇಕಾದ ವಸ್ತು. ಅದನ್ನು ಮುಚ್ಚಳವಿರುವ ಡಬ್ಬಿಯಲ್ಲಿ ತುಂಬಿ, ಅಂತಹ ಘಟಕಕ್ಕೆ ಎಣ್ಣೆ ಕಳುಹಿಸುವ ಸರ್ವಿಸ್ ಕೇಂದ್ರಕ್ಕೆ ಒಪ್ಪಿಸಬೇಕು.